ರಾತ್ರಿ ನಿದ್ದೆ ಕೆಡಿಸುವ ನೀರಿನ ಮಾತ್ರೆಯನ್ನು ನಿಲ್ಲಿಸಬಹುದೇ?

ಪ್ರಶ್ನೆ: ನಮಸ್ಕಾರ ಸಿಸ್ಟರ್. ನನ್ನ ತಂದೆಗೆ 71 ವರ್ಷ. ಹೃದಯ ದುರ್ಬಲವಾಗಿ ಕಾಲು ಊದಿಕೊಂಡು ಆಸ್ಪತ್ರೆ ಸೇರಿದ್ದರು, ಮನೆಗೆ ಬಂದು ಹತ್ತು ದಿನವಾಯಿತು. ಫ್ಯೂರೋಸೆಮೈಡ್ 40 ಮಿಲಿಗ್ರಾಂ ಮಾತ್ರೆ, ದಿನಕ್ಕೆ ಎರಡು. ಎರಡನೆಯದನ್ನು ಸಂಜೆ ಏಳಕ್ಕೆ ಕೊಡುತ್ತೇವೆ. ರಾತ್ರಿ ನಾಲ್ಕು ಸಲ ಎದ್ದು ಹೋಗುತ್ತಾರೆ, ಮೊನ್ನೆ ಬಚ್ಚಲ ಬಾಗಿಲಲ್ಲಿ ಮುಗ್ಗರಿಸಿದರು. ‘ಹೀಗೇ ಹೋಗುತ್ತಿದ್ದರೆ ಕಿಡ್ನಿ ಒಣಗುತ್ತದೆ’ ಎಂದು ಸಂಜೆಯ ಮಾತ್ರೆ ಬೇಡವೆನ್ನುತ್ತಿದ್ದಾರೆ. ನಿಲ್ಲಿಸಲೇ?

ಉತ್ತರ: ನೀವಾಗಿಯೇ ನಿಲ್ಲಿಸಬೇಡಿ. ತಪ್ಪಿರುವುದು ಮಾತ್ರೆ ಕೊಡುವ ಹೊತ್ತು. ನುಂಗಿದ ಒಂದು ಗಂಟೆಯೊಳಗೆ ಅದು ಕೆಲಸ ಶುರುಮಾಡುತ್ತದೆ, ಆರರಿಂದ ಎಂಟು ಗಂಟೆ ಮುಂದುವರಿಸುತ್ತದೆ. ಏಳಕ್ಕೆ ಕೊಟ್ಟರೆ ನಡುರಾತ್ರಿಯವರೆಗೂ ಅವರನ್ನು ಎಬ್ಬಿಸುತ್ತಲೇ ಇರುತ್ತದೆ. ಎರಡನೆಯ ಮಾತ್ರೆಯನ್ನು ಮಧ್ಯಾಹ್ನ ಎರಡು ಮೂರರ ಸುಮಾರಿಗೆ ಕೊಡಬಹುದೇ ಎಂದು ವೈದ್ಯರನ್ನು ಕೇಳಿ. ವಾರ್ಡಿನಲ್ಲಿ ನಾವು ಹಾಗೆಯೇ ಕೊಡುತ್ತಿದ್ದೆವು. ಬಚ್ಚಲ ದಾರಿಯಲ್ಲಿ ರಾತ್ರಿಯಿಡೀ ಸಣ್ಣ ದೀಪವಿರಲಿ. ಏಳುವ ಮುನ್ನ ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕುಳಿತುಕೊಳ್ಳಲಿ. ಈ ಮಾತ್ರೆ ತೆಗೆದುಕೊಳ್ಳುವವರಿಗೆ ಥಟ್ಟನೆ ಎದ್ದರೆ ರಕ್ತದೊತ್ತಡ ಇಳಿದು ಕಣ್ಣು ಕತ್ತಲಿಡುತ್ತದೆ.

ಕಿಡ್ನಿ ಒಣಗುವ ಭಯದ ಬಗ್ಗೆ ತಂದೆಯವರಿಗೆ ಹೀಗೆ ಹೇಳಿ. ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ, ಒಂದೂವರೆ ಲೀಟರಿನಷ್ಟು ಬಿಟ್ಟು ಉಳಿದದ್ದನ್ನೆಲ್ಲ ರಕ್ತಕ್ಕೆ ಮರಳಿಸುತ್ತವೆ. ಉಪ್ಪು ಮರಳಿದ ಕಡೆ ನೀರೂ ಹಿಂಬಾಲಿಸುತ್ತದೆ. ಹೃದಯ ಸೋತಾಗ ಮೂತ್ರಪಿಂಡಕ್ಕೆ ರಕ್ತ ಸಾಲದೆ, ನೀರಿನ ಬರ ಬಂದಿದೆಯೆಂದು ಅದು ಉಪ್ಪನ್ನು ಬಾಚಿಟ್ಟುಕೊಳ್ಳುತ್ತದೆ. ಆ ನೀರೇ ಕಾಲಿಗೂ ಶ್ವಾಸಕೋಶಕ್ಕೂ ಇಳಿಯುವುದು. ಹೆನ್ಲೆ ಕುಣಿಕೆ ಎಂಬ ತಿರುವಿನಲ್ಲಿ ಉಪ್ಪು ಮರಳುವ ಬಾಗಿಲನ್ನು ಫ್ಯೂರೋಸೆಮೈಡ್ ಮುಚ್ಚುತ್ತದೆ, ಉಪ್ಪೂ ನೀರೂ ಮೂತ್ರದಲ್ಲಿ ಹೊರಬೀಳುತ್ತವೆ. ಅತಿಯಾದರೆ ದೇಹ ಒಣಗುವುದುಂಟು, ನಿಜ. ಅದಕ್ಕಾಗಿಯೇ ರಕ್ತ ಪರೀಕ್ಷೆ ಮತ್ತು ತೂಕ.

ತೂಕದ ಮಾತನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಇಪ್ಪತ್ತೆರಡು ವರ್ಷ ಹೃದ್ರೋಗದ ವಾರ್ಡಿನಲ್ಲಿದ್ದ ನಾನು ಕಣ್ಣಿಗಿಂತ ತಕ್ಕಡಿಯನ್ನೇ ಹೆಚ್ಚು ನಂಬಿದ್ದೇನೆ. ಬೆಳಗ್ಗೆ ಎದ್ದು, ಮೂತ್ರಕ್ಕೆ ಹೋಗಿ ಬಂದು, ಕಾಫಿಗೆ ಮುಂಚೆ, ಅದೇ ಪಂಚೆಯಲ್ಲಿ, ಅದೇ ಯಂತ್ರದ ಮೇಲೆ ನಿಲ್ಲಿಸಿ. ತಾರೀಖು ಹಾಕಿ ಬರೆಯಿರಿ. ಒಂದು ಕಿಲೋ ಏರಿತೆಂದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ನಿಂತಿತೆಂದು ಅರ್ಥ. ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಕಾಯಬೇಡಿ, ವೈದ್ಯರಿಗೆ ತಿಳಿಸಿ. ಮೊಣಕಾಲಿನ ಕೆಳಗೆ ಮೂಳೆಯ ಮೇಲೆ ಹೆಬ್ಬೆರಳನ್ನು ಐದು ಸೆಕೆಂಡು ಒತ್ತಿ ತೆಗೆಯಿರಿ. ಕಲಸಿದ ಹಿಟ್ಟಿನಲ್ಲಿ ಉಳಿಯುವಂತೆ ಕುಳಿ ಉಳಿದರೆ ಅದನ್ನೂ ಬರೆಯಿರಿ. ಉಪ್ಪಿನಕಾಯಿ, ಹಪ್ಪಳ ಬೇಡ. ಮಂಡಿನೋವಿಗೆಂದು ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದುಕೊಡುವುದಂತೂ ಬೇಡವೇ ಬೇಡ. ಅವು ಈ ಮಾತ್ರೆಯ ಬಲ ಕುಂದಿಸಿ ಮೂತ್ರಪಿಂಡಕ್ಕೂ ಪೆಟ್ಟು ಕೊಡುತ್ತವೆ.

ಮತ್ತೊಬ್ಬರು: ನೀರಿನ ಮಾತ್ರೆಯಿಂದ ಪೊಟ್ಯಾಸಿಯಂ ಹೋಗುತ್ತದೆಂದು ಅಮ್ಮನಿಗೆ ದಿನಾ ಎರಡು ಎಳನೀರು ಕೊಡುತ್ತಿದ್ದೇನೆ. ಅವರದು ಸ್ಪೈರೊನೊಲ್ಯಾಕ್ಟೋನ್. ಸರಿಯೇ?

ಉತ್ತರ: ಅಕ್ಕ, ವೈದ್ಯರನ್ನು ಕೇಳುವವರೆಗೆ ಎಳನೀರು ನಿಲ್ಲಿಸಿ. ಪೊಟ್ಯಾಸಿಯಂ ಕಳೆಯುವುದು ಫ್ಯೂರೋಸೆಮೈಡ್ ಮತ್ತು ಥಯಾಜೈಡ್ ಎಂಬ ಗುಂಪಿನ ನೀರಿನ ಮಾತ್ರೆಗಳು. ನಿಮ್ಮ ಅಮ್ಮನ ಮಾತ್ರೆ ಅದನ್ನು ಒಳಗೇ ಉಳಿಸುತ್ತದೆ. ಮೇಲೆ ಎಳನೀರೂ ಸೇರಿದರೆ ಮಟ್ಟ ಏರಿ ಹೃದಯದ ಬಡಿತ ತಪ್ಪಬಹುದು. ‘ಕಡಿಮೆ ಸೋಡಿಯಂ’ ಎಂದು ಮಾರುವ ಉಪ್ಪಿನಲ್ಲಿಯೂ ಪೊಟ್ಯಾಸಿಯಂ ಇರುತ್ತದೆ, ಅದೂ ಬೇಡ. ಸಾಮಾನ್ಯ ಮಟ್ಟ 3.5ರಿಂದ 5. ಕೊನೆಯ ರಕ್ತ ಪರೀಕ್ಷೆಯ ಚೀಟಿ ನೋಡಿ. ಹಳೆಯದಾಗಿದ್ದರೆ ಈ ವಾರವೇ ಮಾಡಿಸಲು ಕೇಳಿ. ಕೈಕಾಲು ಸೋಲುವುದು, ಎದೆಬಡಿತ ಏರುಪೇರಾಗುವುದು ಕಂಡರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ನರ್ಸಿಂಗ್ ವಿದ್ಯಾರ್ಥಿನಿ: ಮೇಡಂ, ಫ್ಯೂರೋಸೆಮೈಡ್ ಚುಚ್ಚುಮದ್ದನ್ನು ನಿಧಾನವಾಗಿ ಕೊಡಬೇಕೆನ್ನುವುದು ಏಕೆ?

ಉತ್ತರ: ಕಿವಿಗಾಗಿ, ಮಗಳೇ. ರಭಸದಿಂದ ಕೊಟ್ಟರೆ ಕಿವಿ ಗುಂಯ್‌ಗುಡಬಹುದು, ಶ್ರವಣಶಕ್ತಿಗೂ ಧಕ್ಕೆಯಾಗಬಹುದು. ನಿಮಿಷಕ್ಕೆ 4 ಮಿಲಿಗ್ರಾಂ ಮೀರಬೇಡ. ಕೊಡುವ ಮುನ್ನ ರಕ್ತದೊತ್ತಡ, ಪೊಟ್ಯಾಸಿಯಂ ನೋಡು. ಐದು ನಿಮಿಷದಲ್ಲೇ ಮೂತ್ರ ಬರಲು ಶುರುವಾಗುತ್ತದೆ, ಆದ್ದರಿಂದ ಸಿರಿಂಜ್ ಹಿಡಿಯುವ ಮೊದಲು ಮೂತ್ರದ ಪಾತ್ರೆ, ಕರೆಗಂಟೆ ರೋಗಿಯ ಕೈಗೆಟುಕುವಂತಿಡು.

ಮೊದಲು ಕೇಳಿದವರು: ಸಿಸ್ಟರ್, ವೈದ್ಯರು ಮಧ್ಯಾಹ್ನ ಎರಡಕ್ಕೆ ಕೊಡಿ ಎಂದರು. ನಿನ್ನೆ ರಾತ್ರಿ ಅಪ್ಪ ಒಮ್ಮೆ ಮಾತ್ರ ಎದ್ದರು. ಇಂದಿನ ತೂಕ 62.4. ಆಸ್ಪತ್ರೆಯ ಚೀಟಿಯಲ್ಲಿ 62 ಇದೆ.

ಉತ್ತರ: ಒಳ್ಳೆಯದಾಯಿತು. ಯಂತ್ರ ಬೇರೆಯಾದ್ದರಿಂದ ಆ 62ನ್ನು ಬಿಡಿ, ನಿಮ್ಮ ಪುಸ್ತಕದ ಮೊದಲ ಸಾಲಿನಲ್ಲಿ 62.4 ಎಂದು ಬರೆಯಿರಿ. ನಾಳೆ ಬೆಳಗ್ಗೆ ಎಷ್ಟಿತ್ತೆಂದು ಇಲ್ಲಿಯೇ ಹಾಕಿ, ನೋಡುತ್ತೇನೆ.