ಗಾಂಜಾ ಪರೀಕ್ಷೆಯ 'ಪೊಟೆನ್ಸಿ'ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಶಿಡ್ಲಘಟ್ಟದಿಂದ ಬರೆಯುತ್ತಿದ್ದೇನೆ. ನಾಲ್ಕು ದಿನದಿಂದ ಒಂದೇ ಪದದ ಮುಂದೆ ಕೂತಿದ್ದೇನೆ, ಮುಂದಕ್ಕೆ ಹೋಗುತ್ತಿಲ್ಲ. ನಿಮ್ಮ ಸಹಾಯ ಬೇಕು.

ಅಮೆರಿಕದ ಕೆಲವು ರಾಜ್ಯಗಳಲ್ಲಿ ಗಾಂಜಾವನ್ನು ಅಂಗಡಿಯಲ್ಲೇ ಮಾರುತ್ತಾರೆ. ಕೊಲೊರಾಡೊದಲ್ಲಿ 2014ರ ಜನವರಿಯಿಂದ ಹೀಗಿದೆ. ಡಬ್ಬಿಯ ಮೇಲಿನ ಚೀಟಿಯಲ್ಲಿ ಟಿಎಚ್‌ಸಿ ಶೇಕಡಾ ಇಷ್ಟು ಅಂತ ಬರೆದಿರುತ್ತದೆ. ಟಿಎಚ್‌ಸಿ ಅಂದರೆ ಅಮಲೇರಿಸುವ ವಸ್ತು. ಲ್ಯಾಬ್ ಕೊಡುವ ಆ ಅಂಕಿಯನ್ನು ಎಷ್ಟು ನಂಬಬಹುದು ಅನ್ನುವುದರ ಬಗ್ಗೆ ಕನ್ನಡದಲ್ಲಿ ಲೇಖನ ಬರೆಯುತ್ತಿದ್ದೇನೆ. ಅಲ್ಲಿನವರು ಆ ಶೇಕಡಾ ಅಂಕಿಯನ್ನು 'ಪೊಟೆನ್ಸಿ' ಅನ್ನುತ್ತಾರೆ. ನಿಘಂಟು ತೆಗೆದರೆ ಶಕ್ತಿ, ಸಾಮರ್ಥ್ಯ, ಪುರುಷತ್ವ. ಮೂರೂ ಇಲ್ಲಿಗೆ ಹೊಂದುವುದಿಲ್ಲ. ಹೋಮಿಯೋಪತಿಯವರು ಪೊಟೆನ್ಸಿ ಅಂತಲೇ ಬಳಸುತ್ತಾರೆ, ಆದರೆ ಅಲ್ಲಿ ಅದರ ಅರ್ಥವೇ ಬೇರೆ.

ನಮ್ಮಲ್ಲಿ ಈ ಪದ ಯಾಕೆ ಹುಟ್ಟಲಿಲ್ಲ ಅಂತ ಯೋಚಿಸಿದೆ. ನಮ್ಮ ಪೇಪರ್‌ಗಳಲ್ಲಿ ಗಾಂಜಾ ಸುದ್ದಿ ಅಂದರೆ ತೂಕ: 'ಇಷ್ಟು ಕೆಜಿ ಗಾಂಜಾ ವಶ'. ಮಾದಕ ವಸ್ತುಗಳ ಬಗೆಗಿನ 1985ರ ಎನ್‌ಡಿಪಿಎಸ್ ಕಾಯ್ದೆಯ ಲೆಕ್ಕವೂ ತೂಕದ್ದೇ. ಒಂದು ಕೆಜಿವರೆಗೆ ಸಣ್ಣ ಪ್ರಮಾಣ, 20 ಕೆಜಿ ದಾಟಿದರೆ ವಾಣಿಜ್ಯ ಪ್ರಮಾಣ. ವಶಕ್ಕೆ ಪಡೆದದ್ದು ಗಾಂಜಾ ಹೌದೋ ಅಲ್ಲವೋ ಅಂತ ಲ್ಯಾಬ್ ಹೇಳಿದರೆ ಆಯಿತು. ಅದರಲ್ಲಿ ಅಮಲಿನ ವಸ್ತು ಎಷ್ಟಿದೆ ಅಂತ ಕೇಳುವ ಸಂದರ್ಭವೇ ಬರಲಿಲ್ಲ, ಅದಕ್ಕೇ ಪದವೂ ಬರಲಿಲ್ಲ. (ಇನ್ನೊಂದು ಮಾತು. ಎಲ್ಲರೂ 'ಗಾಂಜಾ ಸೊಪ್ಪು' ಅನ್ನುತ್ತೇವೆ ಅಲ್ವಾ? ಕಾಯ್ದೆಯ ಪ್ರಕಾರ ಗಾಂಜಾ ಅಂದರೆ ಗಿಡದ ಹೂವು ಅಥವಾ ಕಾಯಿ ಬಿಟ್ಟ ತುದಿ. ತುದಿಯಿಲ್ಲದೆ ಬರೀ ಎಲೆ ಇದ್ದರೆ ಅದು ಗಾಂಜಾ ಲೆಕ್ಕಕ್ಕೆ ಬರುವುದಿಲ್ಲ.)

ಮೊದಲು 'ಶಕ್ತಿ' ಅಂತಲೇ ಬರೆದಿದ್ದೆ. ಆಮೇಲೆ ಹೊಡೆದುಹಾಕಿದೆ. ಶಕ್ತಿ ಅಂದ ತಕ್ಷಣ ಅದು ಇಡೀ ಡಬ್ಬಿಯ ಗುಣ ಅನ್ನಿಸುತ್ತದೆ. ಲ್ಯಾಬಿನವರು ನೋಡುವುದು ದೊಡ್ಡ ರಾಶಿಯಿಂದ ತೆಗೆದ ಕೆಲವೇ ಗ್ರಾಂ ಸ್ಯಾಂಪಲ್. ಗಿಡದ ಮೇಲ್ತುದಿಯ ಹೂವಿನಲ್ಲಿ ಟಿಎಚ್‌ಸಿ ಸಾಮಾನ್ಯವಾಗಿ ಜಾಸ್ತಿ, ಕೆಳಗಿನ ಕೊಂಬೆಗಳದ್ದರಲ್ಲಿ ಕಡಿಮೆ. ಯಾವುದನ್ನು ಕಿತ್ತು ಕಳಿಸಿದರೋ ಅದರ ಅಂಕಿ ಬರುತ್ತದೆ.

ಇದು ನನಗೆ ಸರಿಯಾಗಿ ಅರ್ಥವಾಗಿದ್ದು ಊರಿನ ಹಾಲಿನ ಡೇರಿಯಲ್ಲಿ. ಒಂದು ದಿನ ಬೆಳಿಗ್ಗೆ ಅತ್ತಿಗೆ ಕ್ಯಾನ್ ಒಯ್ದರು, ಜೊತೆಗೆ ನಾನೂ ಹೋಗಿದ್ದೆ. ಸಾಲು ದೊಡ್ಡದಿತ್ತು, ಹಾಲು ನಿಂತೇ ಇತ್ತು. ಪರೀಕ್ಷೆ ಮಾಡುವ ಹುಡುಗ ಕಲಕದೆ ಮೇಲಿಂದಲೇ ಒಂದು ಸೌಟು ತೆಗೆದು ಮಿಷನ್‌ಗೆ ಇಟ್ಟ. ಫ್ಯಾಟ್ 4.6 ತೋರಿಸಿತು. ನಮ್ಮ ಹಸುವಿನದು ಎಂದೂ ನಾಲ್ಕು ದಾಟಿದ್ದಿಲ್ಲ. ಅತ್ತಿಗೆಯೇ 'ತಡಿಯಪ್ಪ, ಸರಿಯಾಗಿ ಕಲಕಿ ಇನ್ನೊಂದ್ಸಲ ನೋಡು' ಅಂದರು. ಕಲಕಿದ ಮೇಲೆ 3.7. ಕ್ಯಾನೂ ಅದೇ, ಮಿಷನ್ನೂ ಅದೇ. ಅಲ್ಲಿ ಯಾರೂ 'ಹಾಲಿನ ಶಕ್ತಿ' ಅನ್ನಲಿಲ್ಲ. 'ಫ್ಯಾಟ್ ಎಷ್ಟು ಬಂತು' ಅಂದರು. ಆ 'ಬಂತು' ಅನ್ನುವುದರಲ್ಲೇ ಎಲ್ಲಾ ಇದೆ. ಅದು ಅಳೆದಾಗ ಬಂದ ಅಂಕಿ.

ಹಾಗಾಗಿ ತೇವಾಂಶ, ಕೊಬ್ಬಿನಂಶ ಇದ್ದ ಹಾಗೆ 'ಅಮಲಂಶ' ಅಂದರೆ ಹೇಗೆ? ಅಮಲು ಎಲ್ಲರಿಗೂ ಗೊತ್ತು, ಅಂಶವೂ ಗೊತ್ತು. ಅರಿಸಮಾಸ (ಸಂಸ್ಕೃತ ಪದಕ್ಕೆ ಬೇರೆ ಪದ ಬೆರೆಸಿದ್ದು) ಅಂತ ಹಿರಿಯರು ಬೇಸರ ಮಾಡಿಕೊಳ್ಳಬಹುದು. ಅವರ ಮಾತನ್ನೂ ಕೇಳಬೇಕು ಅಂತಲೇ ಇಲ್ಲಿ ಇಟ್ಟಿದ್ದೇನೆ.

ಆದರೆ ಅಮಲಂಶಕ್ಕೂ ಒಂದು ತೊಡಕಿದೆ. ಹಸಿ ಹೂವಿನಲ್ಲಿ ಟಿಎಚ್‌ಸಿ ಇರುವುದು ಬಹಳ ಕಡಿಮೆ. ಜಾಸ್ತಿ ಇರುವುದು ಟಿಎಚ್‌ಸಿಎ ಅನ್ನುವ ಆಮ್ಲ, ಅದಕ್ಕೆ ಅಮಲಿಲ್ಲ. ಬಿಸಿ ತಗುಲಿದಾಗ ಅದರಿಂದ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಟಿಎಚ್‌ಸಿ ಆಗುತ್ತದೆ, ತೂಕವೂ ಇಳಿಯುತ್ತದೆ. ಅದಕ್ಕೆ ಲ್ಯಾಬಿನವರು ಟಿಎಚ್‌ಸಿಎ ಅಂಕಿಯನ್ನು 0.877ರಿಂದ ಗುಣಿಸಿ, ಮೊದಲೇ ಇದ್ದ ಟಿಎಚ್‌ಸಿಯನ್ನು ಕೂಡಿಸುತ್ತಾರೆ. ಟಿಎಚ್‌ಸಿಎ ಶೇ 20 ಇದ್ದರೆ ಅದರಿಂದ ಸಿಗುವುದು ಶೇ 17.5ರಷ್ಟು. ಅಂದರೆ ಚೀಟಿಯಲ್ಲಿರುವುದು ಮುಂದೆ ಆಗಬಹುದಾದ ಅಮಲು, ಈಗ ಇರುವುದಲ್ಲ. 'ಒಟ್ಟು ಅಮಲಂಶ' ಅಂದರೆ ಇಷ್ಟೂ ಬರುತ್ತದಾ? ನನಗೆ ಅರ್ಧ ಮಾತ್ರ ಬಂದ ಹಾಗಿದೆ. ತೇವವನ್ನು ಲೆಕ್ಕದಿಂದ ತೆಗೆದರೋ ಇಲ್ಲವೋ ಅನ್ನುವುದರ ಮೇಲೂ ಅಂಕಿ ಏರುತ್ತದೆ, ಇಳಿಯುತ್ತದೆ. ಅದನ್ನು 'ಒಣತೂಕದ ಲೆಕ್ಕ' ಅಂತ ಬರೆದಿದ್ದೇನೆ.

ಎರಡನೇ ಪದ, 'ರಿಲಯಬಿಲಿಟಿ'. ಪಠ್ಯಪುಸ್ತಕದವರು 'ವಿಶ್ವಾಸಾರ್ಹತೆ' ಅನ್ನುತ್ತಾರೆ. ಅದು ಮನುಷ್ಯರ ಬಗ್ಗೆ ಹೇಳುವ ಮಾತಿನಂತೆ ಕೇಳಿಸುತ್ತದೆ. ನಮ್ಮ ಕಡೆ 'ಮಳೆ ನೆಚ್ಚಿಕೊಂಡು ರಾಗಿ ಹಾಕಿದ್ದೇವೆ' ಅನ್ನುತ್ತಾರೆ. ಹಾಗಾಗಿ 'ನೆಚ್ಚಿಕೆ' ನನಗೆ ಹಿಡಿಸಿತು. 'ಲ್ಯಾಬ್ ಅಂಕಿಯ ನೆಚ್ಚಿಕೆ ಎಷ್ಟು?' ಕಿವಿಗೆ ಸರಿ ಇದೆಯಾ ಹೇಳಿ.

ಇದರೊಳಗೇ ಇನ್ನೊಂದು ಕಷ್ಟ. ಹತ್ತು ಸಲ ನೋಡಿದರೂ ಒಂದೇ ಅಂಕಿ ಬರುವುದು ಬೇರೆ, ಬಂದ ಅಂಕಿ ನಿಜಕ್ಕೆ ಹತ್ತಿರ ಇರುವುದು ಬೇರೆ. ಸುಮ್ನೆ ಎರಡಕ್ಕೂ 'ನಿಖರತೆ' ಅಂದುಬಿಡುತ್ತೇವೆ. ಈ ವಿಷಯದಲ್ಲಿ ಅದು ದೊಡ್ಡ ತಪ್ಪು. ಅಲ್ಲಿ ಲ್ಯಾಬಿಗೆ ದುಡ್ಡು ಕೊಡುವವರು ಬೆಳೆಗಾರರೇ. ಅಂಕಿ ಏರಿದರೆ ಮಾಲಿಗೆ ಬೆಲೆಯೂ ಏರುತ್ತದೆ. ಹಾಗಾಗಿ ಕೆಲವರು ಜಾಸ್ತಿ ತೋರಿಸುವ ಲ್ಯಾಬನ್ನು ಹುಡುಕಿಕೊಂಡು ಹೋಗುತ್ತಾರೆ. ಅಂಥ ಲ್ಯಾಬ್ ಪ್ರತಿ ಸಲವೂ ಒಂದೇ ಅಂಕಿ ಕೊಡಬಹುದು, ಪ್ರತಿ ಸಲವೂ ಅದು ಹೆಚ್ಚಿಗೆಯೇ ಇರಬಹುದು. ಕನ್ನಡದಲ್ಲಿ ಅದನ್ನು 'ನಿಖರ' ಅಂದರೆ ಓದುವವರಿಗೆ ಮೋಸ ಮಾಡಿದ ಹಾಗೆ. ಮೊದಲನೆಯದಕ್ಕೆ 'ಸ್ಥಿರತೆ', ಎರಡನೆಯದಕ್ಕೆ 'ನಿಖರತೆ' ಅಂತ ಸದ್ಯಕ್ಕೆ ಇಟ್ಟುಕೊಂಡಿದ್ದೇನೆ. ಸ್ಥಿರತೆ ಅಷ್ಟು ಚೆನ್ನಾಗಿಲ್ಲ.

ಹೊಗೆಸೊಪ್ಪು ಬೆಳೆಯುವ ಕಡೆಯವರು ಇಲ್ಲಿ ಯಾರಾದರೂ ಇದ್ದರೆ ಒಂದು ಕೇಳಬೇಕು. ಸೊಪ್ಪಿನ ಘಾಟು ಜಾಸ್ತಿ, ಕಡಿಮೆ ಅಂತ ನಿಮ್ಮಲ್ಲಿ ಏನಂತ ಹೇಳುತ್ತಾರೆ? ಒಂದೇ ಹೊಲದ ಸೊಪ್ಪನ್ನು ಎರಡು ಕಡೆ ನೋಡಿಸಿದಾಗ ಎರಡು ಥರ ಅಂತ ತೀರ್ಮಾನವಾದರೆ, ಅದಕ್ಕೊಂದು ಮಾತು ಇದೆಯಾ? ಇದ್ದರೆ ನನಗೆ ಅದೇ ಬೇಕು.