ದೊಡ್ಡಪ್ಪನ ಲ್ಯಾಪ್‌ಟಾಪ್ ಗುಜರಿಗೆ ಹಾಕಬೇಕೆ?

ಗುಂಪು: ಮನೆಮಂದಿ

ಭಾವ: (ಫಾರ್ವರ್ಡ್) ಎಚ್ಚರಿಕೆ!! ವಿಂಡೋಸ್ 10 ಬಂದ್ ಆಗಿದೆ. ಇನ್ನು ಹಳೆಯ ಕಂಪ್ಯೂಟರ್ ತೆರೆದರೆ ಬ್ಯಾಂಕ್ ಖಾತೆಯ ಹಣ ಮಾಯ. ಕೂಡಲೇ ಹೊಸದನ್ನು ಕೊಳ್ಳಿ. ಹತ್ತು ಗುಂಪುಗಳಿಗೆ ಕಳುಹಿಸಿ.

ಭಾವ: ಮಾವ, ನಿಮ್ಮದೂ ವಿಂಡೋಸ್ 10 ತಾನೇ? ಗುಜರಿಗೆ ಹಾಕಿಬಿಡಿ. ಆನ್‌ಲೈನ್‌ನಲ್ಲಿ ರಿಯಾಯಿತಿ ನಡೆಯುತ್ತಿದೆ, ನಾನೇ ಒಂದು ಆರಿಸಿ ಕಳುಹಿಸುತ್ತೇನೆ.

ಅಕ್ಕ: ಇವರು ಕಳುಹಿಸಿದ್ದನ್ನೆಲ್ಲ ನಂಬಬೇಡಿ ಅಪ್ಪ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ.

ನಾನು: ಭಾವ, ಬಂದ್ ಆಗಿಲ್ಲ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದೆ, ಅಷ್ಟೇ. ಯಂತ್ರ ಎಂದಿನಂತೆ ತೆರೆದುಕೊಳ್ಳುತ್ತದೆ. ಆದರೆ ಹೊಸದಾಗಿ ಪತ್ತೆಯಾಗುವ ಭದ್ರತಾ ಲೋಪಗಳಿಗೆ ತೇಪೆ ಬರುವುದಿಲ್ಲ. ಮನೆಬಳಕೆಯವರಿಗೆ ಒಂದು ವರ್ಷದ ವಾಯಿದೆ ಕೊಟ್ಟಿದ್ದಾರೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್‌ಗಳನ್ನು ಅದಕ್ಕೆ ಜೋಡಿಸಿದರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ದುಡ್ಡಿಲ್ಲದೆ ಸಿಗುತ್ತದೆ.

ಚಿಕ್ಕಪ್ಪ: ಹಾಗಾದರೆ ವಿಂಡೋಸ್ 11 ಹಾಕಿಸಿಕೊಂಡರಾಯಿತು. ಅಣ್ಣ, ನಿನ್ನದು ಯಾವ ಮಾದರಿ?

ದೊಡ್ಡಪ್ಪ: 2017ರಲ್ಲಿ ಕೊಂಡದ್ದು. ಇಂಟೆಲ್ ಐ3 6006ಯು, 4 ಜಿಬಿ ಎಂದು ತೋರಿಸುತ್ತಿದೆ. ಕೀಲಿಮಣೆಯ ಒಂದು ಗುಂಡಿಯೂ ಸವೆದಿಲ್ಲ.

ನಾನು: ಅದು ಆರನೆಯ ತಲೆಮಾರಿನ ಚಿಪ್ ಚಿಕ್ಕಪ್ಪ. ಕೆಲವೇ ಅಪವಾದ ಬಿಟ್ಟರೆ ಇಂಟೆಲ್‌ನ ಎಂಟನೆಯ ತಲೆಮಾರಿನಿಂದ ಈಚಿನದಕ್ಕೆ ಮಾತ್ರ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಜಾಗ. ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೂಡ ಬೇಕು. ದೊಡ್ಡಪ್ಪನ ಯಂತ್ರಕ್ಕೆ ನನ್ನ ಸಲಹೆ ಲಿನಕ್ಸ್ ಮಿಂಟ್, ವಿಂಡೋಸ್ ಬದಲಿಗೆ ಹಾಕಿಕೊಳ್ಳುವ ಉಚಿತ ಕಾರ್ಯಾಚರಣೆ ವ್ಯವಸ್ಥೆ. 22ನೆಯ ಸರಣಿಗೆ 2029ರವರೆಗೆ ಅಪ್‌ಡೇಟ್ ಇದೆ. 2 ಜಿಬಿ ಮೆಮೊರಿಯಲ್ಲೇ ಓಡುತ್ತದೆ, 4 ಇದ್ದರೆ ಆರಾಮ.

ಚಿಕ್ಕಪ್ಪ: ಶುರುವಾಯಿತು! ಅದು ಕಪ್ಪು ಪರದೆಯ ಮೇಲೆ ಏನೇನೋ ಟೈಪ್ ಮಾಡುವವರಿಗೆ. ನಮ್ಮ ಅಂಗಡಿಗೆ ಹಾಕಿದರೆ ಲೆಕ್ಕಪತ್ರದ ಟ್ಯಾಲಿ ಯಾರು ಓಡಿಸುತ್ತಾರೆ, ನೀನೇ ಬರುತ್ತೀಯಾ?

ನಾನು: ಅಂಗಡಿಗೆ ಹಾಕಿ ಎಂದು ನಾನೇನೂ ಹೇಳಲಿಲ್ಲವಲ್ಲ. ಟ್ಯಾಲಿಗೆ ವಿಂಡೋಸೇ ಸರಿ, ಡಿಜಿಟಲ್ ಸಹಿಯ ಟೋಕನ್ ಬಳಸುವಲ್ಲೂ ಅದೇ ಕ್ಷೇಮ. ನಿಮ್ಮದನ್ನು ಮುಟ್ಟಬೇಡಿ. ದೊಡ್ಡಪ್ಪನಿಗೆ ಬೇಕಾದದ್ದು ಪತ್ರಿಕೆ ಓದುವುದು, ಅಕ್ಕನ ಮಕ್ಕಳೊಂದಿಗೆ ವೀಡಿಯೋ ಕರೆ, ಕನ್ನಡದಲ್ಲಿ ಬರೆಯುವುದು.

ಅಕ್ಕ: ಕಪ್ಪು ಪರದೆಯ ಮಾತು ಬಿಡಿ ಚಿಕ್ಕಪ್ಪ. ಇಲ್ಲಿ ಕಾಸರಗೋಡಿನ ನಮ್ಮ ಕನ್ನಡ ಮಾಧ್ಯಮ ಶಾಲೆಯಲ್ಲಿ ಮಕ್ಕಳು ಕಲಿಯುವುದೇ ಲಿನಕ್ಸ್‌ನಲ್ಲಿ. ಕೇರಳ ಸರ್ಕಾರದ ಕೈಟ್ ಸಂಸ್ಥೆ ಸಿದ್ಧಪಡಿಸಿ ಕೊಡುತ್ತದೆ. ಹತ್ತನೆಯ ತರಗತಿಯ ಐಟಿ ಪ್ರಾಯೋಗಿಕ ಪರೀಕ್ಷೆಯೂ ಅದರಲ್ಲೇ ನಡೆಯುತ್ತದೆ. ಒಂದು ಮಗುವೂ ಹೆದರಿದ್ದನ್ನು ನಾನು ಕಂಡಿಲ್ಲ. ಹೆದರುವವರು ಹೊಸದಾಗಿ ಬರುವ ಮೇಷ್ಟರುಗಳು.

ಭಾವ: ಮಾವನ ಮನೆಯ ಗುಂಪಿನಲ್ಲಿ ನನ್ನ ಪರ ಮಾತನಾಡುವವರು ಯಾರೂ ಇಲ್ಲ.

ದೊಡ್ಡಪ್ಪ: ಎಲ್ಲ ಸರಿ. ನನ್ನ ನುಡಿ ತಂತ್ರಾಂಶದ ಫೈಲ್‌ಗಳ ಗತಿ ಏನು? ಸಹಕಾರ ಸಂಘದ ನಡಾವಳಿ, ದೇವಸ್ಥಾನದ ಚರಿತ್ರೆ ಎಲ್ಲ ಅದರಲ್ಲೇ ಇದೆ. ಹಿಂದೆ ಒಮ್ಮೆ ಸೈಬರ್ ಅಂಗಡಿಯಲ್ಲಿ ತೆರೆಸಿದರೆ ಕೊಂಬು ಬಾಲ ಹತ್ತಿದ ಇಂಗ್ಲಿಷ್ ಅಕ್ಷರಗಳ ಸಾಲು ಬಂದಿತ್ತು.

ನಾನು: ದೊಡ್ಡಪ್ಪ, ಈ ಇಡೀ ಚರ್ಚೆಯಲ್ಲಿ ಕೇಳಬೇಕಾದ ಪ್ರಶ್ನೆ ಇದೊಂದೇ. ಹಳೆಯ ನುಡಿಯಲ್ಲಿ ಬರೆದದ್ದು ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗಳೂ ಒಪ್ಪುವ ಅಕ್ಷರ ಸಂಕೇತ) ಅಲ್ಲ. ಫೈಲಿನೊಳಗೆ ಕೂತಿರುವುದು ಆ ಇಂಗ್ಲಿಷ್ ಸಂಕೇತಗಳೇ. ನುಡಿಯ ಫಾಂಟ್ ಅವುಗಳ ಮೇಲೆ ಕನ್ನಡದ ಆಕಾರ ತೊಡಿಸುತ್ತದೆ. ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ, ಅದು ವಿಂಡೋಸ್ ಆದರೂ, ನೀವು ಕಂಡದ್ದೇ ಕಾಣುತ್ತದೆ. ಅದೇ ಫಾಂಟ್ ಫೈಲ್‌ಗಳನ್ನು ಲಿನಕ್ಸ್‌ಗೆ ನಕಲು ಮಾಡಿದರೆ ಲಿಬ್ರೆ ಆಫೀಸ್ ಎಂಬ ಬರವಣಿಗೆಯ ತಂತ್ರಾಂಶದಲ್ಲಿ ಕನ್ನಡವಾಗಿಯೇ ತೆರೆಯುತ್ತವೆ. ಪುಟದ ಅಂಚು, ಕೋಷ್ಟಕದ ಗೆರೆ ಅಲ್ಲಲ್ಲಿ ಜರುಗಬಹುದು. ಬಿಡುವಾದಾಗ ಒಂದೊಂದನ್ನೇ ಯೂನಿಕೋಡ್‌ಗೆ ಪರಿವರ್ತಿಸೋಣ, ಅದಕ್ಕೆ ಉಚಿತ ತಂತ್ರಾಂಶಗಳಿವೆ. ಹೊಸ ಲ್ಯಾಪ್‌ಟಾಪ್ ಕೊಂಡರೂ ಈ ಕೆಲಸ ತಪ್ಪುವುದಿಲ್ಲ, ಭಾವನ ರಿಯಾಯಿತಿಯಲ್ಲಿ ಇದು ಸೇರಿಲ್ಲ. ಟೈಪಿಂಗ್ ಹೊಸದಾಗಿ ಕಲಿಯಬೇಕಿಲ್ಲ. ಮಿಂಟ್‌ನಲ್ಲಿ ಐಬಸ್ ಎಂಬ ಟೈಪಿಂಗ್ ತಂತ್ರಾಂಶ ಹಾಕಿ ಕೆಜಿಪಿ ಕೀಲಿಮಣೆ ವಿನ್ಯಾಸ ಆರಿಸಿದರೆ ನುಡಿಯದೇ ಕೀಲಿಗಳು. ಒತ್ತಕ್ಷರಕ್ಕೆ ಎಫ್ ಒತ್ತುವ ನಿಮ್ಮ ಬೆರಳಿಗೆ ವ್ಯತ್ಯಾಸವೇ ಗೊತ್ತಾಗದು.

ದೊಡ್ಡಪ್ಪ: ಸಂಘದ ಕಾರ್ಯದರ್ಶಿ ವಿಂಡೋಸ್‌ನಲ್ಲಿ ಓದಬಲ್ಲರೇ?

ನಾನು: ಪಿಡಿಎಫ್ ಮಾಡಿ ಕಳುಹಿಸಿದರೆ ಮೊಬೈಲ್‌ನಲ್ಲೂ ಓದಬಹುದು.

ಚಿಕ್ಕಪ್ಪ: ಒಪ್ಪಿದೆ. ಆದರೆ ಹಾಕಿಕೊಟ್ಟು ನೀನು ಬೆಂಗಳೂರಿಗೆ ಹೋಗುತ್ತೀಯ. ನಾಳೆ ಧ್ವನಿ ಬರುವುದಿಲ್ಲ, ವೈಫೈ ಸಿಗುವುದಿಲ್ಲ ಎಂದರೆ ಅಣ್ಣ ಯಾರನ್ನು ಕೇಳಬೇಕು? ಸಾಗರದ ಅಂಗಡಿಯವರಿಗೆ ಗೊತ್ತಿರುವುದು ವಿಂಡೋಸ್ ಒಂದೇ.

ನಾನು: ನಿಮ್ಮ ಈ ಮಾತಿಗೆ ತೂಕವಿದೆ. ಫೋನಿನಲ್ಲಿ ನಾನೇ ಸಿಗಬೇಕು, ಸಿಗುತ್ತೇನೆ. ಮಿಂಟ್ ಅನ್ನು ಪೆನ್‌ಡ್ರೈವ್‌ನಿಂದಲೇ ಚಾಲನೆ ಮಾಡಿ ವೈಫೈ, ಧ್ವನಿ, ಕ್ಯಾಮೆರಾಗಳನ್ನು ಮೊದಲೇ ಪರೀಕ್ಷಿಸಬಹುದು, ಒಳಗಿನ ಡಿಸ್ಕ್‌ಗೆ ಏನೂ ಆಗುವುದಿಲ್ಲ. ತುಸು ನಿಧಾನ, ಅಷ್ಟೇ. ಎಲ್ಲ ಹೊಂದಿದರೆ ಹಾರ್ಡ್‌ಡಿಸ್ಕ್ ಕಳಚಿ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಹಾಕಿ ಮಿಂಟ್ ಅನ್ನು ಅದರಲ್ಲಿ ಸ್ಥಾಪಿಸೋಣ. ಈ ಲ್ಯಾಪ್‌ಟಾಪ್ ತೆವಳುವುದು ಮುಖ್ಯವಾಗಿ ಆ ತಿರುಗುವ ಡಿಸ್ಕ್‌ನಿಂದಲೇ. ಕಳಚಿದ ಡಿಸ್ಕ್‌ನಲ್ಲಿ ವಿಂಡೋಸ್ ಇದ್ದ ಹಾಗೆಯೇ ಇರುತ್ತದೆ. ಹಿಡಿಸದಿದ್ದರೆ ಮತ್ತೆ ಜೋಡಿಸಿಕೊಳ್ಳಿ.

ಭಾವ: ಹಾಗಾದರೆ ವೈರಸ್ ಭಯವೂ ಇಲ್ಲವೇ?

ನಾನು: ವಿಂಡೋಸ್‌ಗೆಂದು ಬರೆದ ವೈರಸ್ ಇಲ್ಲಿ ಸಾಮಾನ್ಯವಾಗಿ ಓಡುವುದಿಲ್ಲ. ಯಾರೋ ಕೇಳಿದರೆಂದು ಒಟಿಪಿ ಹೇಳಿಬಿಟ್ಟರೆ ಲಿನಕ್ಸ್ ಏನೂ ಮಾಡಲಾರದು. ಸಿಕ್ಕಿದ್ದನ್ನೆಲ್ಲ ಹತ್ತು ಗುಂಪಿಗೆ ಕಳುಹಿಸುವುದನ್ನೂ ತಡೆಯಲಾರದು ಭಾವ.

ಅಕ್ಕ: 😄

ದೊಡ್ಡಪ್ಪ: ಪ್ರಿಂಟರ್?

ನಾನು: ಅದೊಂದು ಅನುಮಾನ. ಕೆಲವು ಹಳೆಯ ಲೇಸರ್ ಪ್ರಿಂಟರ್‌ಗಳ ಚಾಲಕ ತಂತ್ರಾಂಶ ಲಿನಕ್ಸ್‌ನಲ್ಲಿ ಗೋಳು ಹೊಯ್ದುಕೊಳ್ಳುತ್ತದೆ. ನಿಮ್ಮ ಪ್ರಿಂಟರಿನ ಹಿಂಬದಿಯ ಚೀಟಿಯ ಫೋಟೋ ಕಳುಹಿಸಿ, ನೋಡಿ ಹೇಳುತ್ತೇನೆ.

ದೊಡ್ಡಪ್ಪ: ಕಳುಹಿಸುತ್ತೇನೆ. ಸಂಘದ ವಾರ್ಷಿಕ ಸಭೆ ಮುಗಿಯುವ ತನಕ ಯಾರೂ ಏನನ್ನೂ ಕಳಚಬೇಡಿ. ಹಬ್ಬಕ್ಕೆ ಬರುವಾಗ ಪೆನ್‌ಡ್ರೈವ್ ತಾ. ನುಡಿ ಫೈಲ್‌ಗಳ ನಕಲು ಎರಡು ಕಡೆ ಇಟ್ಟ ಮೇಲೆಯೇ ಸ್ಕ್ರೂ ಬಿಚ್ಚುವ ಮಾತು. ನನ್ನ ನಡಾವಳಿ ನನ್ನ ಪ್ರಿಂಟರಿನಲ್ಲಿ ಅಚ್ಚಾಗದಿದ್ದರೆ ಹಳೆಯ ಡಿಸ್ಕ್ ಅದೇ ದಿನ ವಾಪಸ್.

ಚಿಕ್ಕಪ್ಪ: ಎಸ್‌ಎಸ್‌ಡಿ ದುಡ್ಡು ಯಾರದು?

ದೊಡ್ಡಪ್ಪ: ಅಳಿಯಂದಿರು ಹೊಸ ಲ್ಯಾಪ್‌ಟಾಪನ್ನೇ ಕಳುಹಿಸುತ್ತೇನೆ ಎಂದಿದ್ದಾರಲ್ಲ, ಇದೇನು ಹೆಚ್ಚು?

ಭಾವ: ಆಗಲಿ ಮಾವ. ಎಷ್ಟು ಜಿಬಿಯದು ಬೇಕೆಂದು ಕೇಳಿ ಹೇಳಿ.