300 ವರ್ಷದ ನಂತರದ ಕೊಡಗಿಗೆ ಒಂದು ಧರ್ಮ ಕಟ್ಟಿದ್ದೇನೆ, ಆದ್ರೆ ಯಾರೂ ನಂಬ್ತಿಲ್ಲ

ಮಂಜುಮಡಿಕೇರಿ:

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಒಂದು ಕಾದಂಬರಿ ಬರೀತಾ ಇದ್ದೇನೆ. ಕಥೆ ನಡೆಯೋದು ಇವತ್ತಿಂದ 300 ವರ್ಷ ಆದ ಮೇಲೆ, ನಮ್ಮ ಕೊಡಗಿನಲ್ಲೇ. ಕರೆಂಟ್ ಇಲ್ಲ, ಪೆಟ್ರೋಲ್ ಇಲ್ಲ, ಸಂಪಾಜೆ ಘಾಟಿಯೂ ಮಾಕುಟ್ಟದ ದಾರಿಯೂ ಕಾಡು ಬೆಳೆದು ಮುಚ್ಚಿಹೋಗಿವೆ. ಕೆಳಗಿನ ಊರುಗಳಿಂದ ಸುದ್ದಿ ಬರೋದು ನಿಂತು ಎಷ್ಟೋ ತಲೆಮಾರು ಆಯ್ತು. ಉಳಿದಿರೋದು ಏಳೆಂಟು ಊರು, ಒಂದಷ್ಟು ಗದ್ದೆ, ಕಾಡಾಗಿ ಬೆಳೆದ ಕಾಫಿ ತೋಟ, ಮತ್ತೆ ಮಳೆ.

ಈ ಜನಕ್ಕೆ ಒಂದು ಹೊಸ ಧರ್ಮ ಬೇಕು. ನಾನು ಬರೆದದ್ದು ಹೀಗಿದೆ: ಗುಡ್ಡದ ಮೇಲಿನ ಮೊಬೈಲ್ ಟವರೇ ಅವರ ದೇವರು. ಅಮಾವಾಸ್ಯೆಗೊಮ್ಮೆ ಪೂಜಾರಿ ಅದರ ತುದಿಗೆ ಹತ್ತಿ, ಕಳೆದುಹೋದ ದನಿಗಳು ಕೇಳಿಸುತ್ತಾ ಅಂತ ಕಿವಿಗೊಟ್ಟು ಕೂರ್ತಾನೆ. ಬರೆಯುವಾಗ ನನಗೆ ಮೈ ಜುಂ ಅಂದಿತ್ತು. ಓದಿದ ಗೆಳತಿ ನಕ್ಕುಬಿಟ್ಟಳು. ನನಗೆ ನಗು ಬೇಡ. ಓದೋರಿಗೆ ಆ ಜನರ ಪಕ್ಕದಲ್ಲಿ ನಿಂತು ತಾವೂ ಕೈ ಮುಗಿಯಬೇಕು ಅನ್ನಿಸಬೇಕು. ಎಲ್ಲಿ ತಪ್ಪಿದ್ದೇನೆ ಅಂತ ದಯವಿಟ್ಟು ನೇರವಾಗಿ ಹೇಳಿ.

ತೋಡಿನಾಚೆ:

ಮೊದಲು ಟವರ್ ವಿಷಯ. ನಮ್ಮ ಮಳೆಗೆ ಗೇಟಿಗೆ ಎರಡು ವರ್ಷ ಪೇಂಟ್ ಹೊಡೆಯದಿದ್ರೆ ತುಕ್ಕು ಪುಡಿಪುಡಿಯಾಗಿ ಕೈಗೆ ಬರುತ್ತೆ. ನೋಡಿಕೊಳ್ಳೋರಿಲ್ಲದ ಟವರ್ 300 ವರ್ಷ ನಿಲ್ಲಲ್ಲ. ಆದ್ರೆ ನಿಜವಾದ ತೊಂದರೆ ಅದಲ್ಲ. ಆ ಟವರಿನಿಂದ ನಿಮ್ಮ ಜನಕ್ಕೆ ಏನು ಆಗಬೇಕಿದೆ? ಏನೂ ಇಲ್ಲ, ಅಲ್ವಾ? ಅದು ನಮ್ಮ ಕಾಲದ ವಸ್ತು. ಅದು ಇಲ್ಲದೆ ಬೇಜಾರಾಗೋದು ನಮಗೆ, ಅವರಿಗಲ್ಲ. ಅವರ ಹೆದರಿಕೆ ಎಲ್ಲಿದೆ ಅಂತ ಹುಡುಕಿ.

ನಾನು ಮಾದಾಪುರದ ಕಡೆಯವನು. 2018ರ ಆಗಸ್ಟ್‌ನಲ್ಲಿ ನಮ್ಮ ಮನೆ ಹಿಂದಿನ ತೋಡು ಮೂರು ದಿನ ಕೆಂಪಗೆ ತುಂಬಿ ಹರೀತಿತ್ತು. ನಾಲ್ಕನೇ ದಿನ ಬೆಳಿಗ್ಗೆ ನೋಡಿದ್ರೆ ಮಳೆ ಹಾಗೇ ಹೊಯ್ಯುತ್ತಿದೆ, ತೋಡಿನಲ್ಲಿ ಮಾತ್ರ ನೀರು ಇಳಿದಿದೆ. ನಾನು ಒಳ್ಳೇದಾಯ್ತು ಅಂದುಕೊಂಡೆ. ನಮ್ಮಜ್ಜಿ ಅದನ್ನ ನೋಡಿದವರೇ ಒಂದು ಮಾತೂ ಆಡದೆ ಕೊಟ್ಟಿಗೆಗೆ ಹೋಗಿ ದನದ ಹಗ್ಗ ಬಿಚ್ಚಿದ್ರು. ಮೇಲೆ ಎಲ್ಲೋ ಗುಡ್ಡದ ಬರೆ ಜರಿದು, ಮಣ್ಣು ಮರ ಎಲ್ಲ ತೋಡಿಗೆ ಅಡ್ಡ ಬಿದ್ದು ನೀರು ಕಟ್ಟಿಕೊಂಡಿತ್ತು. ಅದು ಒಡೆದಾಗ ನಾವು ಎದುರು ದಿಣ್ಣೆ ಮೇಲಿದ್ವಿ. ಗದ್ದೆ ಹೋಯ್ತು, ತೋಟದ ಕೆಲಸದವರ ಲೈನ್ ಮನೆ ಹೋಯ್ತು, ಜೀವ ಉಳೀತು. ಅಂಗಳದಲ್ಲಿ ಬಿರುಕು, ಯಾವತ್ತೂ ಇಲ್ಲದ ಕಡೆ ಒರತೆ, ನೆಟ್ಟಗಿದ್ದ ಸಿಲ್ವರ್ ಮರ ವಾಲಿದ್ದು, ಇವೆಲ್ಲ ಒಂದು ವಾರ ಮುಂಚೆನೇ ಕಂಡಿತ್ತು. ನಮಗೆ ಅದನ್ನ ಓದೋಕೆ ಬರಲಿಲ್ಲ ಅಷ್ಟೆ.

ನಾನು ಬರೆಯೋದಾದ್ರೆ ಪೂಜಾರಿನ ಟವರ್ ಹತ್ತಿಸಲ್ಲ, ತೋಡಿನ ಪಕ್ಕ ಕೂರಿಸ್ತೀನಿ. ಮಳೆಗಾಲ ಪೂರ್ತಿ ಯಾರಾದ್ರೂ ಒಬ್ಬರು ಅಲ್ಲಿರಬೇಕು, ದೀಪ ಆರಬಾರದು, ಬೊಗಸೆಯಲ್ಲಿ ನೀರು ತೆಗೆದು ಬಣ್ಣ ನೋಡಬೇಕು. "ತೋಡು ಮೌನ ಆಯ್ತು" ಅಂತ ಅವರು ಕೂಗಿದ್ರೆ ಊರಿಗೆ ಊರೇ ಏಳಬೇಕು, ಒಲೆ ಮೇಲಿನ ಅನ್ನನೂ ಬಿಟ್ಟು.

ಇದು ಬರೀ ಕಲ್ಪನೆ ಅಂದುಕೋಬೇಡಿ. ಇಂಡೋನೇಷ್ಯಾದ ಸಿಮೆಲು ದ್ವೀಪದಲ್ಲಿ 1907ರಲ್ಲಿ ಸುನಾಮಿ ಬಂದು ತುಂಬಾ ಜನ ಸತ್ತರು. ಆಮೇಲೆ ಅಲ್ಲಿನವರು ಅದನ್ನ 'ಸ್ಮೋಂಗ್' ಅಂತ ಕರೆದು ಹಾಡಾಗಿ, ಜೋಗುಳವಾಗಿ ಮಕ್ಕಳಿಗೆ ಹೇಳಿಕೊಡ್ತಾ ಬಂದ್ರು: ನೆಲ ಜೋರಾಗಿ ನಡುಗಿ ಸಮುದ್ರ ಹಿಂದೆ ಸರಿದ್ರೆ ಗುಡ್ಡಕ್ಕೆ ಓಡು. 2004ರಲ್ಲಿ ಮತ್ತೆ ಸುನಾಮಿ ಬಂದಾಗ ಅಲ್ಲಿದ್ದ ಸುಮಾರು 78,000 ಜನರಲ್ಲಿ ಸತ್ತವರು 7 ಮಂದಿ. 97 ವರ್ಷ ಒಂದು ಮಾತನ್ನ ಹಾಡಲ್ಲೇ ಕಾಪಾಡಿದ ಜನ ಅವರು.

ಬಾಳೆಲೆಯಾಕೆ:

ತೋಡಿನಾಚೆ ಅಣ್ಣ ಬರೆದದ್ದು ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ. ನಿಮ್ಮಜ್ಜಿ ದೊಡ್ಡವರು. ಆದ್ರೂ ಒಂದು ವಿಷಯದಲ್ಲಿ ನನಗೆ ಒಪ್ಪಿಗೆ ಇಲ್ಲ. ಎಚ್ಚರಿಕೆಯಿಂದಲೇ ಧರ್ಮ ಹುಟ್ಟುತ್ತೆ ಅಂದ್ರೆ ಅದು ಬರೀ ಸೈರನ್ ಆಗುತ್ತೆ. ನಿಮ್ಮ ಕಥೆಯ ಲೋಕದಲ್ಲಿ ಅಷ್ಟೊಂದು ಜನ ಸತ್ತಿದ್ದಾರೆ. ಸುಡೋಕೆ, ಹೂಳೋಕೆ, ಒಂದು ತೊಟ್ಟು ನೀರು ಬಿಡೋಕೂ ಯಾರೂ ಇರಲಿಲ್ಲ. ಉಳಿದವರಿಗೆ ಮೊದಲು ಬೇಕಾಗೋದು ಸತ್ತವರ ಲೆಕ್ಕ.

ನಮ್ಮ ಐನ್‌ಮನೆಯಲ್ಲಿ, ಅಂದ್ರೆ ಕೊಡವ ಮನೆತನದ ಮೂಲ ಮನೆಯಲ್ಲಿ, ನಡುಮನೆಯ ನೆಲ್ಲಕ್ಕಿ ದೀಪದ ಮುಂದೆ ನಿಂತ್ರೆ ನಾವು ನೆನೆಯೋದು ಗುರು ಕಾರೋಣರನ್ನ, ನಮಗಿಂತ ಮೊದಲು ಅದೇ ನೆಲದ ಮೇಲೆ ನಿಂತವರನ್ನ. ವರ್ಷಕ್ಕೊಮ್ಮೆ ಅವರಿಗೆ ಊಟ ಇಡ್ತೀವಿ. ಅವರಲ್ಲಿ ಎಷ್ಟೋ ಜನರ ಹೆಸರೂ ನಮಗೆ ಗೊತ್ತಿಲ್ಲ, ಆದ್ರೂ ಎಲೆ ಹಾಕ್ತೀವಿ. ನಿಮ್ಮ ಜನ ಇದನ್ನ ಬಿಟ್ಟಿರೋಕೆ ಸಾಧ್ಯನೇ ಇಲ್ಲ.

ಅದಕ್ಕೆ ನನಗೆ ಹೊಳೆದದ್ದು ಹೇಳ್ತೀನಿ, ಬೇಕಿದ್ರೆ ತಗೊಳ್ಳಿ. ಅವರ ಪವಿತ್ರ ಗ್ರಂಥ ಒಂದು ಮತದಾರರ ಪಟ್ಟಿ ಆಗಿರಲಿ. ಬಿದ್ದುಹೋದ ಶಾಲೆಯ ಬೀರುವಿನಲ್ಲಿ ಯಾರಿಗೋ ಸಿಕ್ಕಿದ್ದು. ಹೆಸರು, ತಂದೆ ಅಥವಾ ಗಂಡನ ಹೆಸರು, ಮನೆ ನಂಬರ್, ವಯಸ್ಸು. ವರ್ಷಕ್ಕೊಂದು ರಾತ್ರಿ ಊರವರೆಲ್ಲ ಸೇರಿ ಅದನ್ನ ಮೊದಲಿಂದ ಕೊನೆವರೆಗೆ ಓದ್ತಾರೆ. ಒಂದೊಂದು ಹೆಸರಿಗೂ ಒಬ್ಬರು "ಇದ್ದೇನೆ" ಅಂತ ಓಗೊಡಬೇಕು, ಯಾಕಂದ್ರೆ ಹೆಸರು ಓಗೊಡೋರಿಲ್ಲದೆ ಹಾಗೇ ಗಾಳಿಗೆ ಹೋಗಬಾರದು. ಪಟ್ಟಿ ಯಾಕೆ ಮಾಡಿದ್ದು ಅಂತ ಯಾರಿಗೂ ಗೊತ್ತಿಲ್ಲ. ಆದ್ರೆ 34 ವರ್ಷದ ಹೆಂಗಸು ಯಾವತ್ತಿಗೂ 34ರಲ್ಲೇ ಇದ್ದಾಳೆ, ಅದು ಎಲ್ಲರಿಗೂ ಗೊತ್ತು. ಹುಟ್ಟಿದ ಮಗುವಿಗೆ ಅದರಿಂದಲೇ ಒಂದು ಹೆಸರು ಕೊಡ್ತಾರೆ.

ಇನ್ನೊಂದು. ನಮ್ಮ ಕೊಡವರಲ್ಲಿ ಗಂಡು ಮಗು ಹುಟ್ಟಿದ್ರೆ ಒಂದು ಗುಂಡು, ಸಾವಾದ್ರೆ ಎರಡು ಗುಂಡು ಹಾರಿಸೋದು ನಿಮಗೆಲ್ಲ ಗೊತ್ತಿರೋದೇ. 300 ವರ್ಷದ ಮೇಲೆ ತೋಟಾ ಎಲ್ಲಿಂದ ಬರಬೇಕು? ಕೋವಿ ಗೋಡೆಗೆ ಒರಗಿರುತ್ತೆ, ಕೈಲ್ ಪೊಳ್ದ್ ಅನ್ನೋ ಆಯುಧದ ಹಬ್ಬಕ್ಕೆ ಅದಕ್ಕೆ ತೋಕ್ ಪೂ (ಕೋವಿ ಹೂ) ಸಿಕ್ಕಿಸ್ತಾರೆ, ಹಾರಿಸೋಕೆ ಆಗಲ್ಲ. ಆದ್ರೆ ಮನೆಯಲ್ಲಿ ಸಾವಾದ್ರೆ ಹಿರಿಯಳು ಅಂಗಳಕ್ಕೆ ಬಂದು ಒನಕೆಯನ್ನ ಎರಡು ಸಲ ನೆಲಕ್ಕೆ ಕುಟ್ಟುತ್ತಾಳೆ. ಎರಡೇ ಸಲ. ಯಾಕೆ ಎರಡು ಅಂತ ಮಗು ಕೇಳಿದ್ರೆ ಅವಳಿಗೂ ಗೊತ್ತಿಲ್ಲ.

ನೆರಳುಮರ:

ಇಬ್ಬರೂ ಹೇಳಿದ್ದು ಸರಿ ಅನ್ನಿಸ್ತು. ಬೀಜದ ಬಗ್ಗೆ ಒಂದು ಮಾತು ಸೇರಿಸ್ತೀನಿ. ಇಂಥ ಕಥೆಗಳಲ್ಲಿ ಜನ ಬೀಜವನ್ನ ಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡೋದನ್ನ ನೋಡಿದ್ದೇನೆ. ನಮ್ಮ ಹವೆಯಲ್ಲಿ ಭತ್ತದ ಬೀಜ ಹಾಗೆ ವರ್ಷಗಟ್ಟಲೆ ಇಟ್ರೆ ಮೊಳಕೆನೇ ಬರಲ್ಲ. ಕಾಫಿ ಬೀಜವಂತೂ ಇನ್ನೂ ಬೇಗ ಸಾಯುತ್ತೆ. ಉಳಿಸಬೇಕು ಅಂದ್ರೆ ಪ್ರತಿ ವರ್ಷ ಬಿತ್ತಲೇಬೇಕು. ಪುತ್ತರಿಯಲ್ಲಿ ನಾವು ಮಾಡೋದು ಏನು? ಹುಣ್ಣಿಮೆ ರಾತ್ರಿ ಗದ್ದೆಗೆ ಹೋಗಿ "ಪೊಲಿ ಪೊಲಿ ದೇವಾ" ಅಂತ ಕೂಗಿ ಕದಿರು ತೆಗೆದು ಮನೆಗೆ ತರ್ತೀವಿ. ಅದು ಕೊಯ್ಲಿನ ಹಬ್ಬ. ನಿಮ್ಮ ಜನ ಒಂದು ಹಿಡಿ ಭತ್ತವನ್ನ ಹಸಿವಿದ್ರೂ ತಿನ್ನದೆ ಮುಂದಿನ ವರ್ಷಕ್ಕೆ ಎತ್ತಿಡೋ ಹಬ್ಬ ಒಂದನ್ನ ಮಾಡಿಕೊಳ್ಳಲಿ. ಮಗು ಅಳ್ತಾ ಇರುವಾಗ ಆ ಹಿಡಿ ಭತ್ತ ಮುಟ್ಟದೆ ಇರೋದು ಎಷ್ಟು ಕಷ್ಟ ಅಂತ ಬರೀರಿ. ಅಲ್ಲಿ ನಂಬಿಕೆ ಕಾಣುತ್ತೆ.

ಆಮೇಲೆ ಪೂಜಾರಿಗಳ ಕೈಗೆ ಎಲ್ಲಾ ಕೊಡಬೇಡಿ. ಅಮೆರಿಕದಲ್ಲಿ ಅಣು ತ್ಯಾಜ್ಯ ಹೂಳೋ ಜಾಗದ ಬಗ್ಗೆ 10,000 ವರ್ಷದವರೆಗೆ ಜನರನ್ನ ಎಚ್ಚರಿಸೋದು ಹೇಗೆ ಅಂತ ಯೋಚಿಸ್ತಿದ್ದಾಗ, ಥಾಮಸ್ ಸೆಬಿಯಾಕ್ ಅನ್ನೋ ಭಾಷಾ ವಿದ್ವಾಂಸರು 1984ರ ವರದಿಯಲ್ಲಿ 'ಪರಮಾಣು ಪುರೋಹಿತರು' ಅನ್ನೋ ಒಂದು ಗುಂಪು ಇರಲಿ ಅಂದಿದ್ರು. ನಿಜ ಗೊತ್ತಿರೋದು ಅವರಿಗೆ ಮಾತ್ರ, ಉಳಿದವರಿಗೆ ಕಥೆ, ಆಚರಣೆ, ಭಯ. ನನಗೆ ಇದು ಸರಿ ಕಾಣಲ್ಲ. ಯಾಕೆ ಅನ್ನೋದನ್ನ ಕೆಲವೇ ಜನ ಮುಚ್ಚಿಟ್ಟುಕೊಂಡ್ರೆ ಒಂದಲ್ಲ ಒಂದು ದಿನ ಅವರು ಭಯವನ್ನ ತಮಗೆ ಬೇಕಾದ ಹಾಗೆ ಬಳಸ್ತಾರೆ. ತೋಡು ಕಾಯೋ ಕೆಲಸ ಸರದಿಯ ಮೇಲೆ ಎಲ್ಲಾ ಮನೆಗೂ ಬರಲಿ.

ಮತ್ತೆ ದೇವರನ್ನೂ ಕೇಳೋಕೆ ಒಂದು ದಿನ ಇರಲಿ. ದೇವರಪುರದಲ್ಲಿ ಮೇ ತಿಂಗಳ ಕುಂಡೆ ಹಬ್ಬಕ್ಕೆ ಜೇನುಕುರುಬರು, ಯರವರು ಅನ್ನೋ ಬುಡಕಟ್ಟಿನ ಜನ ವೇಷ ಹಾಕಿಕೊಂಡು ಬಂದು ದೇವರನ್ನೇ ಬೈತಾರಲ್ಲ. ಬೇಟೆಗೆ ಅಂತ ಕರೆದುಕೊಂಡು ಹೋಗಿ ನಡುಕಾಡಲ್ಲಿ ನಮ್ಮನ್ನ ಬಿಟ್ಟುಹೋದೆ ಅನ್ನೋ ಸಿಟ್ಟು ಅದು. ಲೋಕ ಮುಳುಗಿದ ಮೇಲೆ ಉಳಿದ ಜನಕ್ಕೆ ಆ ಸಿಟ್ಟು ಇರಲ್ವಾ? ಹಬ್ಬನ ಹಾಗೇ ಎತ್ತಿ ಹಾಕಬೇಡಿ, ಅದು ಅವರದು. ಆ ಸಿಟ್ಟು ಮಾತ್ರ ಇರಲಿ.

ಮಂಜುಮಡಿಕೇರಿ:

ಟವರ್ ತೆಗೆದೆ. ನಿಜ ಹೇಳಬೇಕಂದ್ರೆ ಅಳು ಬಂತು, 40 ಪುಟ ಹೋಯ್ತು, ಆದ್ರೂ ಸಮಾಧಾನ ಆಯ್ತು. ನಿನ್ನೆ ರಾತ್ರಿ ಹೊಸದಾಗಿ ಶುರು ಮಾಡಿದೆ. ಒಂದು ಹುಡುಗಿ, ಹನ್ನೆರಡು ವರ್ಷ, ಅವಳ ಮನೆಯ ಸರದಿ, ಮೊದಲ ಸಲ ಒಬ್ಬಳೇ ತೋಡಿನ ಪಕ್ಕ ಕೂತಿದ್ದಾಳೆ. ಅವಳ ಹೆಸರು ಪಟ್ಟಿಯಿಂದ ಬಂದದ್ದು, ಆ ಹೆಸರಿನ ಹೆಂಗಸಿಗೆ 34. ತಾನೂ 34 ಮುಟ್ಟಿದ ದಿನ ಏನಾಗುತ್ತೆ ಅಂತ ಯೋಚಿಸ್ತಾ ಇದ್ದಾಳೆ. ಬೆಳಗಿನ ಜಾವ ಬೊಗಸೆ ನೀರು ಎತ್ತಿದ್ರೆ ಕೆಸರು ಎಂದಿಗಿಂತ ಜಾಸ್ತಿ ಇದೆ, ಕೂಗಬೇಕಾ ಬೇಡವಾ ಅವಳಿಗೆ ಗೊತ್ತಾಗ್ತಿಲ್ಲ. ಅಲ್ಲಿಗೆ ನಿಲ್ಲಿಸಿದ್ದೇನೆ.

ಒಂದೇ ಅನುಮಾನ. ಕಾಗದದ ಪಟ್ಟಿ ನಮ್ಮ ಥಂಡಿಗೆ 300 ವರ್ಷ ಉಳಿಯುತ್ತಾ?

ಬಾಳೆಲೆಯಾಕೆ:

ಉಳಿಯಲ್ಲ ತಮ್ಮಾ. ಗೆದ್ದಲು, ಬೂಷ್ಟು ಎರಡೂ ಬಿಡಲ್ಲ. ಒಲೆ ಮೇಲಿನ ಅಟ್ಟದಲ್ಲಿ ಹೊಗೆ ಆಡೋ ಕಡೆ ಇಟ್ರೆ ಒಂದಷ್ಟು ವರ್ಷ ತಡೆದೀತು. ಪ್ರತಿ ತಲೆಮಾರಿನಲ್ಲೂ ಒಬ್ಬರು ಕೂತು ಕೈಯಲ್ಲಿ ನಕಲು ಮಾಡಬೇಕು. ನಕಲು ಮಾಡುವಾಗ ಅಕ್ಷರ ತಪ್ಪುತ್ತೆ, ಹೆಸರು ಸ್ವಲ್ಪ ಸ್ವಲ್ಪ ಬದಲಾಗುತ್ತೆ, ಅದನ್ನ ತಿದ್ದೋಕೆ ಹೋಗಬೇಡಿ. ನಿಮ್ಮ ಹುಡುಗಿಯ ಹೆಸರು ಹಾಗೆ ತಪ್ಪಿ ಬಂದ ಹೆಸರೇ ಆಗಿರಲಿ, ಈಗ ಯಾರಿಗೂ ಇಲ್ಲದ ಒಂದು ಹೆಸರು. ಅವಳು ಕೂಗಿದ್ಲಾ ಇಲ್ವಾ ಅಂತ ಬರೆದ ದಿನ ಇಲ್ಲಿ ಹಾಕಿ, ಕಾಯ್ತಾ ಇರ್ತೀನಿ.